ಆಂಬ್ಯುಲೆನ್ಸ್‌ಗೆ ಅಡ್ವಾನ್ಸ್‌ಡ್ ಪ್ಯಾರಾಮೆಡಿಕ್: ತರಬೇತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂಬತ್ತು ವರ್ಷ ಆಂಬ್ಯುಲೆನ್ಸ್‌ನಲ್ಲಿ ಇಎಂಟಿ (ರೋಗಿಯನ್ನು ನೋಡಿಕೊಳ್ಳುವ ಸಿಬ್ಬಂದಿ) ಆಗಿ ಓಡಾಡಿದವನು. ಈಗ ಅದೇ ಕೆಲಸವನ್ನು ಹುಡುಗ ಹುಡುಗಿಯರಿಗೆ ಕಲಿಸುತ್ತೇನೆ. ಹೊಸ ಕೋರ್ಸ್ ಶುರು ಮಾಡಬೇಕು ಅಂತಿರುವ ಕಾಲೇಜಿನವರು, ಆಸ್ಪತ್ರೆಯವರು, ಮಗಳನ್ನು ಸೇರಿಸಲೋ ಬೇಡವೋ ಅಂತ ಯೋಚಿಸುವ ಅಪ್ಪ ಅಮ್ಮ, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಔಷಧದ ಪ್ರಮಾಣ ಬಂದ ಕಡೆ ಅದು ತರಬೇತಿಯ ಮಾತು. ಓದಿಕೊಂಡು ಯಾರೂ ಪ್ರಯೋಗ ಮಾಡಲು ಹೋಗಬೇಡಿ.

ಪ್ಯಾರಾಮೆಡಿಕಲ್ ಓದಿದವರೆಲ್ಲ ಪ್ಯಾರಾಮೆಡಿಕ್ ಅಲ್ವಾ?

ಅಲ್ಲ. ನಮ್ಮಲ್ಲಿ ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಓಟಿ ಎಲ್ಲಕ್ಕೂ ಪ್ಯಾರಾಮೆಡಿಕಲ್ ಅಂತಲೇ ಬೋರ್ಡು ಹಾಕುತ್ತಾರೆ. ಅದಕ್ಕೇ ಈ ಗೊಂದಲ. ಪ್ಯಾರಾಮೆಡಿಕ್ ಅಂದರೆ ಆಸ್ಪತ್ರೆಗೆ ಬರುವ ಮೊದಲೇ, ರಸ್ತೆಯಲ್ಲೋ ಮನೆಯಲ್ಲೋ ಹೊಲದಲ್ಲೋ ರೋಗಿಯನ್ನು ನೋಡಿ ಚಿಕಿತ್ಸೆ ಶುರು ಮಾಡುವವರು. ನಮ್ಮ 108ರಲ್ಲಿ ಹಿಂದೆ ಕೂರುವವರು ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. ಗಾಡಿ ಓಡಿಸುವವರನ್ನು ಪೈಲಟ್ ಅಂತೀವಿ.

ಹಾಗಾದರೆ "ಅಡ್ವಾನ್ಸ್‌ಡ್" ಅನ್ನೋದು ಯಾರಿಗೆ?

ಒಂದೊಂದು ದೇಶದಲ್ಲಿ ಒಂದೊಂದು ಅರ್ಥ. ಐರ್ಲೆಂಡ್‌ನಲ್ಲಿ ಮೆಟ್ಟಿಲು ಬಹಳ ಸ್ಪಷ್ಟ: ಇಎಂಟಿ, ಪ್ಯಾರಾಮೆಡಿಕ್, ಅಡ್ವಾನ್ಸ್‌ಡ್ ಪ್ಯಾರಾಮೆಡಿಕ್. ಯಾವ ಮೆಟ್ಟಿಲಿನವರು ಯಾವ ಔಷಧ ಕೊಡಬಹುದು, ಯಾವ ಕೆಲಸ ಮಾಡಬಹುದು ಅಂತ ಅಲ್ಲಿನ ಪ್ರೀ-ಹಾಸ್ಪಿಟಲ್ ಎಮರ್ಜೆನ್ಸಿ ಕೇರ್ ಕೌನ್ಸಿಲ್ ಬರೆದಿಟ್ಟಿದೆ. ಇಂಗ್ಲೆಂಡ್‌ನಲ್ಲಿ ಅಡ್ವಾನ್ಸ್‌ಡ್ ಪ್ರಾಕ್ಟೀಸ್ ಅಂದರೆ ಎಂಎಸ್ಸಿ ಮಟ್ಟದ್ದು. ರೋಗಿ ನೋಡುವುದರ ಜೊತೆಗೆ ತಂಡ ನಡೆಸುವುದು, ಕಲಿಸುವುದು, ಸಂಶೋಧನೆ, ಇವೂ ಸೇರಿ ನಾಲ್ಕು ಕಂಬ ಅಂತ ಅವರ ಲೆಕ್ಕ. ಅಲ್ಲಿ 2018ರಿಂದ ಅಡ್ವಾನ್ಸ್‌ಡ್ ಪ್ಯಾರಾಮೆಡಿಕ್‌ಗಳು ಅದಕ್ಕೆ ಬೇರೆಯಾಗಿ ಓದಿಕೊಂಡರೆ ಸ್ವಂತವಾಗಿ ಔಷಧದ ಚೀಟಿಯನ್ನೂ ಬರೆಯಬಹುದು.

ನಮ್ಮಲ್ಲಿ? 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ "ಅಡ್ವಾನ್ಸ್ ಕೇರ್ ಪ್ಯಾರಾಮೆಡಿಕ್" ಮತ್ತು "ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್" ಎರಡೂ ಬೇರೆ ಬೇರೆಯಾಗಿ ಇವೆ. ಹೆಸರು ಸಿಕ್ಕಿತು ಅನ್ನೋದೇ ನಮ್ಮಂಥವರಿಗೆ ದೊಡ್ಡ ಸಮಾಧಾನ. ಅದಕ್ಕೂ ಮೊದಲು ಬ್ಯಾಂಕಿನ ಫಾರಂನಲ್ಲಿ ಉದ್ಯೋಗದ ಜಾಗದಲ್ಲಿ ಏನು ಬರೆಯೋದು ಅಂತಲೇ ಗೊತ್ತಾಗ್ತಿರಲಿಲ್ಲ.

ಈ ವೃತ್ತಿ ಶುರುವಾಗಿದ್ದು ಎಲ್ಲಿ?

ಎರಡು ಊರಿನ ಕಥೆ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಮೊದಲನೆಯದು ಬೆಲ್‌ಫಾಸ್ಟ್. 1966ರಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ಅನ್ನುವ ಹೃದಯ ವೈದ್ಯರು ಡೀಫಿಬ್ರಿಲೇಟರ್, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು ಆಂಬ್ಯುಲೆನ್ಸ್‌ಗೆ ಹತ್ತಿಸಿದರು. ಕಾರಿನ ಬ್ಯಾಟರಿಯಿಂದ ನಡೆಯುತ್ತಿದ್ದ ಆ ಯಂತ್ರ ಸುಮಾರು 70 ಕಿಲೋ ತೂಗುತ್ತಿತ್ತು. ಎದೆ ನೋವು ಬಂದವರು ಆಸ್ಪತ್ರೆ ಬಾಗಿಲಿಗೆ ಬರುವ ಮೊದಲೇ ಸಾಯುತ್ತಿದ್ದಾರೆ, ಆದ್ದರಿಂದ ಆಸ್ಪತ್ರೆಯೇ ಅವರ ಹತ್ತಿರ ಹೋಗಲಿ ಅನ್ನೋದು ಅವರ ಯೋಚನೆ. ಆದರೆ ಅಲ್ಲಿ ಗಾಡಿಯಲ್ಲಿ ಹೋಗುತ್ತಿದ್ದದ್ದು ಡಾಕ್ಟರು.

ಎರಡನೆಯದು ಅಮೆರಿಕದ ಪಿಟ್ಸ್‌ಬರ್ಗ್. ನನಗೆ ಇದೇ ಜಾಸ್ತಿ ಇಷ್ಟ. 1967ರಲ್ಲಿ ಅಲ್ಲಿ ಫ್ರೀಡಂ ಹೌಸ್ ಆಂಬ್ಯುಲೆನ್ಸ್ ಶುರುವಾಯಿತು. ಹಿಲ್ ಡಿಸ್ಟ್ರಿಕ್ಟ್ ಅನ್ನುವ ಬಡ ಬಡಾವಣೆಯ ಕಪ್ಪು ಜನಾಂಗದ ಯುವಕರನ್ನು, ಕೆಲಸವೇ ಇಲ್ಲದವರನ್ನು ಕರೆದು, ಸಿಪಿಆರ್‌ಗೆ (ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವ ವಿಧಾನಕ್ಕೆ) ಈಗಿನ ರೂಪ ಕೊಟ್ಟವರಲ್ಲಿ ಒಬ್ಬರಾದ ಪೀಟರ್ ಸಫಾರ್ ಸುಮಾರು 300 ಗಂಟೆಯ ತರಬೇತಿ ಕೊಟ್ಟರು. ಆ ಊರಿನಲ್ಲಿ ಅಲ್ಲಿಯವರೆಗೆ ರೋಗಿಗಳನ್ನು ಪೊಲೀಸ್ ವ್ಯಾನಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ನಂತರ ಬಂದ ಡಾ. ನ್ಯಾನ್ಸಿ ಕ್ಯಾರೊಲೈನ್ ಈ ಹುಡುಗರ ಜೊತೆ ತಾವೇ ಗಾಡಿ ಹತ್ತಿ, ಅಲ್ಲಿ ಕಂಡದ್ದನ್ನೇ ಆಧಾರವಾಗಿಟ್ಟು ಅಮೆರಿಕಕ್ಕೆಲ್ಲ ಪ್ಯಾರಾಮೆಡಿಕ್ ಪಠ್ಯಕ್ರಮ ಬರೆದರು. 1975ರಲ್ಲಿ ನಗರಸಭೆ ಆ ಸೇವೆಯನ್ನೇ ಮುಚ್ಚಿಸಿ ತನ್ನದೇ ಶುರು ಮಾಡಿತು. ಪಠ್ಯ ಬರೆಯುವವರು ಮೊದಲು ಗಾಡಿಯ ಹಿಂದೆ ಕೂರಬೇಕು ಅಂತ ನಾನು ಹಠ ಹಿಡಿಯೋದು ಈ ಕಥೆಯ ದೆಸೆಯಿಂದ.

ನಮ್ಮ ಕಡೆ ಈಗ ಏನಿದೆ?

ಹೈದರಾಬಾದ್‌ನಲ್ಲಿ 2005ರ ಆಗಸ್ಟ್ 15ಕ್ಕೆ 108 ಶುರುವಾಯಿತು. ಕರ್ನಾಟಕಕ್ಕೆ ಅದು ಆರೋಗ್ಯ ಕವಚ ಅನ್ನುವ ಹೆಸರಿನಲ್ಲಿ 2008ರ ರಾಜ್ಯೋತ್ಸವದ ದಿನ ಬಂತು. ಬೆಂಗಳೂರಿನ ಟ್ರಾಫಿಕ್ಕಿಗೆ 2015ರಲ್ಲಿ ಬೈಕ್ ಆಂಬ್ಯುಲೆನ್ಸ್ ಕೂಡ ಬಂತು. ಆಂಬ್ಯುಲೆನ್ಸ್ ಗಾಡಿ ಹೇಗಿರಬೇಕು ಅಂತ ಎಐಎಸ್-125 ಅನ್ನುವ ರಾಷ್ಟ್ರೀಯ ಮಾನದಂಡವೂ ಇದೆ. ಅದರಲ್ಲಿ 'ಡಿ' ಟೈಪ್ ಅಂದರೆ ಅಡ್ವಾನ್ಸ್‌ಡ್ ಲೈಫ್ ಸಪೋರ್ಟ್ ಗಾಡಿ.

ಗಾಡಿ ಅಡ್ವಾನ್ಸ್‌ಡ್ ಆದ ಮಾತ್ರಕ್ಕೆ ಒಳಗಿರುವವರು ಅಡ್ವಾನ್ಸ್‌ಡ್ ಆಗಲ್ಲ. ವೆಂಟಿಲೇಟರ್ ಇರುವ ಗಾಡಿಯಲ್ಲಿ ಅದರ ಅಲಾರಂ ಯಾಕೆ ಹೊಡೆದುಕೊಳ್ಳುತ್ತಿದೆ ಅಂತ ಗೊತ್ತಾಗದೆ ಆಫ್ ಮಾಡಿದವರನ್ನು ಕಣ್ಣಾರೆ ಕಂಡಿದ್ದೇನೆ. ಬೈಯುವ ಹಾಗಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡ ಕೋರ್ಸಿನ ಪ್ರಯತ್ನ ನಡೆದೇ ಇಲ್ಲ ಅಂತಲ್ಲ. 2007ರಲ್ಲೇ 108 ನಡೆಸುತ್ತಿದ್ದ ಇಎಂಆರ್‌ಐ ಸಂಸ್ಥೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರ ಜೊತೆ ಸೇರಿ ಎರಡು ವರ್ಷದ ಪ್ಯಾರಾಮೆಡಿಕ್ ಕೋರ್ಸ್ ಶುರು ಮಾಡಿತ್ತು. ಆದರೆ ಗಾಡಿಗಳ ಸಂಖ್ಯೆ ಏರಿದ ವೇಗದಲ್ಲಿ ಅಂಥ ಕೋರ್ಸುಗಳು ಏರಲಿಲ್ಲ.

ಕೋರ್ಸ್ ಕಟ್ಟಲು ಹೊರಟಿದ್ದೇವೆ. ಎಲ್ಲಿಂದ ಶುರು ಮಾಡೋದು?

ನಿಮ್ಮ ಜಿಲ್ಲೆಯ ಆಂಬ್ಯುಲೆನ್ಸ್ ಕರೆಗಳಿಂದ. ಒಂದು ವರ್ಷದ ಕೇಸ್ ಶೀಟುಗಳನ್ನು ಹೆಸರು ಮುಚ್ಚಿಸಿ ತರಿಸಿಕೊಳ್ಳಿ. ಯಾವ ಕೇಸು ಜಾಸ್ತಿ, ಯಾವುದರಲ್ಲಿ ದಾರಿಯಲ್ಲೇ ಜೀವ ಹೋಗಿದೆ, ಆಸ್ಪತ್ರೆಗೆ ಎಷ್ಟು ಹೊತ್ತು ಹಿಡಿದಿದೆ ನೋಡಿ. ಬಸುರಿಯರ ಕರೆಗಳೇ ದೊಡ್ಡ ಪಾಲು ಇರುತ್ತವೆ. ಆಮೇಲೆ ಬೈಕ್ ಅಪಘಾತ, ಎದೆ ನೋವು, ಉಸಿರಾಟದ ತೊಂದರೆ, ವಿಷ ಕುಡಿದವರು, ಹಾವು ಕಚ್ಚಿದವರು. ಪಟ್ಟಿ ನಿಮ್ಮೂರಿನದೇ ಆಗಿರಲಿ. ಮಲೆನಾಡಿನ ಗಾಡಿಗೆ ಬರುವ ಕೇಸು ಬೇರೆ, ರಾಯಚೂರಿನ ಬಿಸಿಲಿಗೆ ಬರುವ ಕೇಸು ಬೇರೆ.

ಹೊರದೇಶದ ಸಿಲೆಬಸ್ ತಂದು ಹಾಗೇ ಹಾಕಿದರೆ ಆಗಲ್ವಾ? ಕೆಲಸ ಉಳಿಯುತ್ತೆ.

ಸಿಪಿಆರ್, ಟ್ರಾಮಾ (ಅಪಘಾತದ ಗಾಯ), ಇಸಿಜಿ ತರಹದ್ದು ಎಲ್ಲಿಂದ ತಂದರೂ ಒಂದೇ. ಎದೆಯ ಮೇಲೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳಕ್ಕೆ ಒತ್ತಬೇಕು ಅನ್ನೋದು ಡಬ್ಲಿನ್‌ನಲ್ಲೂ ಅದೇ, ದಾವಣಗೆರೆಯಲ್ಲೂ ಅದೇ. ತೊಂದರೆ ಬರೋದು ಅಲ್ಲಿನ ಪುಸ್ತಕದಲ್ಲಿ ಅರ್ಧ ಪುಟ ಇರುವ ವಿಷಯಗಳು ನಮ್ಮಲ್ಲಿ ವಾರಕ್ಕೊಮ್ಮೆ ಬಂದಾಗ. ಎರಡು ಉದಾಹರಣೆ ಕೊಡ್ತೀನಿ.

ಒಂದು, ಹಾವು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ನಾಗರಹಾವು, ಕೊಳಕುಮಂಡಲ ಕಚ್ಚಿದರೆ ಬಾವು ಬರುತ್ತೆ, ಜನಕ್ಕೂ ಗೊತ್ತಾಗುತ್ತೆ. ಕಟ್ಟುಹಾವು ಹಾಗಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತೆ, ಗಾಯವೇ ಕಾಣಲ್ಲ. ಬೆಳಗಿನ ಜಾವ ಹೊಟ್ಟೆ ನೋವು ಅಂತ ಏಳುತ್ತಾರೆ. ಮನೆಯವರು ನಿನ್ನೆಯ ಊಟದ ಮೇಲೆ ಹಾಕ್ತಾರೆ. ನಮ್ಮ ವಿದ್ಯಾರ್ಥಿ ಅಲ್ಲಿ ಕೇಳಬೇಕಾದ್ದು, "ರಾತ್ರಿ ಎಲ್ಲಿ ಮಲಗಿದ್ರಿ?" ನೋಡಬೇಕಾದ್ದು ರೆಪ್ಪೆ. ರೆಪ್ಪೆ ಜೋತು ಬೀಳ್ತಾ ಇದ್ದರೆ ಮುಂದೆ ಉಸಿರು ನಿಲ್ಲಬಹುದು ಅಂತ ಅರ್ಥ. ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಕೈಗೆ ಬರಬೇಕು, ಪೈಲಟ್‌ಗೆ ವಿಷನಿರೋಧಕ ಇರುವ ಆಸ್ಪತ್ರೆ ಯಾವುದು ಅಂತ ಹೇಳಬೇಕು. ಹಗ್ಗ ಕಟ್ಟಿದ್ದರೆ ಏನು ಮಾಡೋದು, ನಾಟಿ ಮದ್ದಿಗೆ ಒಯ್ಯೋಣ ಅನ್ನುವ ದೊಡ್ಡಪ್ಪನನ್ನು ಹೇಗೆ ಒಪ್ಪಿಸೋದು, ಇದೂ ಪಾಠವೇ.

ಇನ್ನೊಂದು, ಕ್ರಿಮಿನಾಶಕ ಕುಡಿದವರು. ಬಾಯಲ್ಲಿ ಜೊಲ್ಲು, ಸಾಸಿವೆ ಕಾಳಿನಷ್ಟಾದ ಕಣ್ಣಿನ ಪಾಪೆ, ಗೊರಗೊರ ಅನ್ನುವ ಎದೆ. ಇದಕ್ಕೆ ಅಟ್ರೊಪಿನ್ ಕೊಡಬೇಕು, ಎದೆ ಒಣಗುವ ತನಕ ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತಾ ಹೋಗಬೇಕು. ನಮ್ಮಲ್ಲಿ ಸಿಗುವ ಆಂಪೂಲ್‌ನಲ್ಲಿ (ಔಷಧದ ಪುಟ್ಟ ಗಾಜಿನ ಸೀಸೆ) ಸಾಮಾನ್ಯವಾಗಿ ಇರೋದು 0.6 ಮಿ.ಗ್ರಾಂ. 3 ಮಿ.ಗ್ರಾಂನಿಂದ ಶುರು ಮಾಡಿ ಅಂತ ಡಾಕ್ಟರ್ ಹೇಳಿದರೆ ಮೊದಲಿಗೆ 5 ಆಂಪೂಲ್, ಆಮೇಲೆ 10, ಆಮೇಲೆ 20. ಹತ್ತು ನಿಮಿಷದಲ್ಲಿ 35 ಆಂಪೂಲ್! ಕ್ಲಾಸಿನಲ್ಲಿ ಒಂದು ಸಲ ಒಬ್ಬಳು ವಿದ್ಯಾರ್ಥಿನಿಗೆ ನೀರಿನ ಆಂಪೂಲ್‌ಗಳನ್ನೇ ಒಡೆದು ಸಿರಿಂಜ್‌ಗೆ ತುಂಬಿಸಲು ಹೇಳಿ ವಾಚ್ ಹಿಡಿದು ನಿಂತೆ. ಹನ್ನೆರಡನೆಯದಕ್ಕೆ ಬೆರಳು ಕೊಯ್ದುಕೊಂಡಳು. "ಸರ್, ಗಾಡಿಯಲ್ಲಿ ಇಷ್ಟು ಇರುತ್ತಾ?" ಅಂತ ಕೇಳಿದಳು. ಅದೇ ಪ್ರಶ್ನೆಯನ್ನು ಸಿಲೆಬಸ್ ಬರೆಯುವವರು ಮೊದಲೇ ಕೇಳಬೇಕಿತ್ತು. ಗಾಡಿಯ ಸ್ಟಾಕ್ ರಿಜಿಸ್ಟರ್ ಮತ್ತು ಸಿಲೆಬಸ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬರೆಯಿರಿ.

ಗಂಟಲಿಗೆ ಟ್ಯೂಬ್ ಹಾಕೋದು ಕಲಿಸ್ತೀರಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹುಡುಗರಿಗಂತೂ ಲಾರಿಂಗೋಸ್ಕೋಪ್ (ಗಂಟಲೊಳಗೆ ನೋಡುವ ಉಪಕರಣ) ಕೈಗೆ ಬಂದ ದಿನವೇ ಪ್ಯಾರಾಮೆಡಿಕ್ ಆದ ಹಾಗೆ. ಸ್ಟೇಟಸ್‌ಗೆ ಫೋಟೊ ಬೇರೆ.

ಕಲಿಸ್ತೀನಿ, ಆದರೆ ಕೊನೆಗೆ. ಕಾರಣ ಕೇಳಿ. ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ ಆಂಬ್ಯುಲೆನ್ಸ್‌ನಲ್ಲಿ ಟ್ಯೂಬ್ ಹಾಕಿಸಿಕೊಂಡು ಬಂದ ರೋಗಿಗಳನ್ನು ಆಸ್ಪತ್ರೆಯ ಬಾಗಿಲಲ್ಲೇ ಪರೀಕ್ಷೆ ಮಾಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ನೋಡಿದ್ದು 108 ಜನರನ್ನು (ನಂಬರ್ ಕಾಕತಾಳೀಯ!). 27 ಜನರಲ್ಲಿ ಟ್ಯೂಬ್ ಇರಬೇಕಾದ ಜಾಗದಲ್ಲಿ ಇರಲಿಲ್ಲ. ನಾಲ್ಕರಲ್ಲಿ ಒಬ್ಬರಿಗೆ. ಅನ್ನನಾಳಕ್ಕೆ ಹೋದ ಟ್ಯೂಬ್ ಗೊತ್ತಾಗದೆ ಹೋದರೆ ನಾವು ಗಾಳಿ ಊದುತ್ತಲೇ ರೋಗಿಯನ್ನು ಕೊಂದ ಹಾಗೆ. ಮಕ್ಕಳ ವಿಷಯದಲ್ಲಿ 2000ದಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಅಧ್ಯಯನದಲ್ಲಿ 830 ಮಕ್ಕಳಿದ್ದರು. ಆಂಬು ಬ್ಯಾಗ್ ಒತ್ತಿದವರಿಗಿಂತ ಟ್ಯೂಬ್ ಹಾಕಿಸಿಕೊಂಡವರು ಹೆಚ್ಚೇನೂ ಬದುಕಲಿಲ್ಲ. ಬ್ರಿಟನ್‌ನಲ್ಲಿ 9,000ಕ್ಕೂ ಹೆಚ್ಚು ಹೃದಯ ಸ್ತಂಭನದ ರೋಗಿಗಳಲ್ಲಿ ಟ್ಯೂಬ್ ಮತ್ತು ಐ-ಜೆಲ್ (ಶ್ವಾಸನಾಳದೊಳಗೆ ಹೋಗದೆ ಅದರ ಬಾಯಿಯ ಮೇಲೆ ಕೂರುವ ಸಾಧನ) ಹೋಲಿಸಿ ನೋಡಿ 2018ರಲ್ಲಿ ಫಲಿತಾಂಶ ಕೊಟ್ಟರು. 30 ದಿನದ ನಂತರ ಚೆನ್ನಾಗಿ ಇದ್ದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಐ-ಜೆಲ್ ಕಲಿಯಲು ಟ್ಯೂಬಿಗಿಂತ ಕಡಿಮೆ ಸಮಯ ಸಾಕು.

ಹಾಗಾಗಿ ನಮ್ಮ ಕ್ರಮ ಹೀಗೆ: ಮೊದಲ ಆರು ವಾರ ಬರೀ ತಲೆ ಹಿಂದೆ ಬಾಗಿಸೋದು, ಸಕ್ಷನ್ (ಬಾಯೊಳಗಿನ ಕಫ, ರಕ್ತ ಎಳೆದು ತೆಗೆಯೋದು), ಇಬ್ಬರು ಸೇರಿ ಮಾಸ್ಕ್ ಹಿಡಿಯೋದು. ಮಾಸ್ಕ್ ಬಿಗಿಯಾಗಿ ಹಿಡಿಯೋದು ನೋಡಲು ಸುಲಭ. ಗಡ್ಡ ಇರುವ, ಹಲ್ಲಿಲ್ಲದ ಅಜ್ಜನ ಮುಖಕ್ಕೆ ಹಿಡಿದು ನೋಡಿ, ಬೆವರು ಕಿತ್ತು ಬರುತ್ತೆ. ಆಮೇಲೆ ಐ-ಜೆಲ್. ಕ್ಯಾಪ್ನೋಗ್ರಫಿ (ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಯಂತ್ರ) ಪರದೆಯ ಅಲೆ ಓದಲು ಬಂದ ಮೇಲೆ ಮಾತ್ರ ಟ್ಯೂಬ್. ಅದೂ ಆಪರೇಷನ್ ಥಿಯೇಟರ್‌ನಲ್ಲಿ, ಅನಸ್ತೇಶಿಯಾ ಡಾಕ್ಟರ ಪಕ್ಕದಲ್ಲಿ ನಿಂತು. ಗಾಡಿಯಲ್ಲಿ ಕ್ಯಾಪ್ನೋಗ್ರಫಿ ಇಲ್ಲ ಅಂದರೆ ಆ ಗಾಡಿಯಲ್ಲಿ ಟ್ಯೂಬ್ ಇಲ್ಲ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗಲ್ಲ.

ಅಷ್ಟೆಲ್ಲ ಅಡ್ವಾನ್ಸ್‌ಡ್ ಕಲಿತರೆ ಜಾಸ್ತಿ ಜೀವ ಉಳಿಯುತ್ತಾ?

ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ. ಇದನ್ನು ಮುಚ್ಚಿಡಬಾರದು. ಕೆನಡಾದ ಒಂಟಾರಿಯೊದ 17 ನಗರಗಳಲ್ಲಿ, ಬೇಗ ಶಾಕ್ ಕೊಡುವ ವ್ಯವಸ್ಥೆ ಮೊದಲೇ ಇದ್ದ ಕಡೆ ಟ್ಯೂಬು, ಇಂಜೆಕ್ಷನ್ನು ಎಲ್ಲ ಸೇರಿಸಿ ನೋಡಿದರು. 2004ರಲ್ಲಿ ಬಂದ ಫಲಿತಾಂಶ: ಹೃದಯ ನಿಂತವರಲ್ಲಿ ಬದುಕಿದವರ ಪ್ರಮಾಣ ಏರಲಿಲ್ಲ. ಬ್ರಿಟನ್‌ನಲ್ಲಿ ಹೃದಯ ನಿಂತ 8,000 ಜನರಲ್ಲಿ ಅಡ್ರಿನಲಿನ್ ಇಂಜೆಕ್ಷನ್ನಿನ ಪರೀಕ್ಷೆ ಮಾಡಿದಾಗ (2018) 30 ದಿನ ಬದುಕಿದವರು 2.4 ಶೇಕಡದಿಂದ 3.2ಕ್ಕೆ ಏರಿದರು. ಆದರೆ ಮೆದುಳು ಚೆನ್ನಾಗಿ ಉಳಿದವರ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ.

ಇನ್ನೊಂದು ಕಡೆ, ರಕ್ತಸ್ರಾವ ಆಗುತ್ತಿರುವ ಅಪಘಾತದ ರೋಗಿಗೆ ಮೂರು ಗಂಟೆಯೊಳಗೆ ರಕ್ತ ನಿಲ್ಲಿಸಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರೆ ಸಾವು ಕಡಿಮೆಯಾಗುತ್ತೆ ಅಂತ 2010, 2011ರಲ್ಲಿ ಪ್ರಕಟವಾದ 20,000 ಜನರ ಅಧ್ಯಯನ ತೋರಿಸಿತು. ಔಷಧ ಅಗ್ಗ, ಎಲ್ಲ ಕಡೆ ಸಿಗುತ್ತೆ. ಅಲರ್ಜಿಯಿಂದ ಗಂಟಲು ಕಟ್ಟಿಕೊಂಡವರಿಗೆ ತೊಡೆಗೆ ಕೊಡುವ ಅಡ್ರಿನಲಿನ್ ಅಂತೂ ನಿಮಿಷಗಳಲ್ಲಿ ಬದುಕಿಸುತ್ತೆ. ಶುಗರ್ ಇಳಿದು ಪ್ರಜ್ಞೆ ತಪ್ಪಿದವರಿಗೆ ಗ್ಲೂಕೋಸ್ ಹಾಗೇ. ಇಂಥವಕ್ಕೆ ಸಿಲೆಬಸ್ಸಿನಲ್ಲಿ ಜಾಸ್ತಿ ಗಂಟೆ ಕೊಡಿ.

ನನ್ನದೇ ಒಂದು ತಪ್ಪು ಹೇಳ್ತೀನಿ. ಶುರುವಿನ ವರ್ಷಗಳ ಮಾತು. ಬೈಕಿನಿಂದ ಬಿದ್ದ ಹುಡುಗ, ಹೊಟ್ಟೆ ಉಬ್ಬಿತ್ತು, ನಾಡಿ ಸಣ್ಣಗೆ ಓಡುತ್ತಿತ್ತು. ಆಸ್ಪತ್ರೆ ಎಂಟು ನಿಮಿಷದ ದಾರಿ. ಕ್ಯಾನುಲಾ (ನರಕ್ಕೆ ಹಾಕುವ ಡ್ರಿಪ್ ಸೂಜಿ) ಹಾಕದೆ ಕರೆದುಕೊಂಡು ಹೋದರೆ ಡಾಕ್ಟರು ಬೈತಾರೆ ಅನ್ನುವ ಹೆದರಿಕೆಗೆ ರಸ್ತೆ ಬದಿಯಲ್ಲೇ ಹನ್ನೆರಡು ನಿಮಿಷ ನರ ಹುಡುಕುತ್ತಾ ಕೂತೆ. ಪೈಲಟ್ ಅಣ್ಣ ಎರಡು ಸಲ "ಹೋಗೋಣ್ವಾ?" ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಹುಡುಗ ಬದುಕಿದ, ಆದರೆ ಅದು ನನ್ನಿಂದಲ್ಲ. ನನಗೆ ಕ್ಯಾನುಲಾ ಹಾಕಲು ಚೆನ್ನಾಗಿ ಕಲಿಸಿದ್ದರು. ಯಾವಾಗ ಅದನ್ನು ಬಿಟ್ಟು ಹೊರಡಬೇಕು ಅಂತ ಯಾರೂ ಕಲಿಸಿರಲಿಲ್ಲ. ಈಗ ನನ್ನ ಕೋರ್ಸಿನಲ್ಲಿ ಪ್ರತಿ ಕೌಶಲ್ಯದ ಹಾಳೆಯ ಮೇಲೂ ಮೊದಲ ಸಾಲು: "ಯಾವಾಗ ಮಾಡಬಾರದು?"

ಎಷ್ಟು ಗಂಟೆಯ ಕೋರ್ಸ್ ಇರಬೇಕು?

2021ರ ಕಾಯ್ದೆ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರರಿಗೆ ಕನಿಷ್ಠ 2,000 ಗಂಟೆ, ಹೆಲ್ತ್‌ಕೇರ್ ಪ್ರೊಫೆಷನಲ್ ಅನಿಸಿಕೊಳ್ಳಲು ಕನಿಷ್ಠ 3,600 ಗಂಟೆಯ ಪದವಿ. ಬ್ರಿಟನ್‌ನಲ್ಲಿ 2021ರಿಂದ ಹೊಸ ಪ್ಯಾರಾಮೆಡಿಕ್ ಕೋರ್ಸುಗಳಿಗೆ ಪದವಿಯೇ ಕನಿಷ್ಠ ಮಟ್ಟ. ಅಡ್ವಾನ್ಸ್‌ಡ್ ಅನ್ನೋದು ಅದರ ಮೇಲಿನ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಕನಿಷ್ಠ ಮೂರು ವರ್ಷ ಗಾಡಿಯಲ್ಲಿ ದುಡಿಯದವರನ್ನು ಅಡ್ವಾನ್ಸ್‌ಡ್ ಕೋರ್ಸಿಗೆ ತೆಗೆದುಕೊಳ್ಳಲೇಬೇಡಿ.

ದೊಡ್ಡ ಸಿಮ್ಯುಲೇಟರ್ ಕೊಳ್ಳಲು ದುಡ್ಡಿಲ್ಲ. ನಡೆಯುತ್ತಾ?

ನಡೆಯುತ್ತೆ. ಕಣ್ಣು ಮಿಟುಕಿಸುವ, ಬೆವರುವ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಎಷ್ಟೋ ಕಡೆ ಇನ್‌ಸ್ಪೆಕ್ಷನ್ ದಿನ ಮಾತ್ರ ಕವರ್‌ನಿಂದ ಹೊರಗೆ ಬರುತ್ತೆ. ಸಿಪಿಆರ್‌ಗೆ ಒಳ್ಳೆಯ ಮ್ಯಾನಿಕಿನ್, ಗಂಟಲಿನ ಮಾಡೆಲ್, ಇಸಿಜಿ ಬದಲಾಯಿಸಬಹುದಾದ ಒಂದು ಮಾನಿಟರ್, ಇಷ್ಟಕ್ಕೆ ದುಡ್ಡು ಹಾಕಿ. ಉಳಿದದ್ದಕ್ಕೆ ತಲೆ ಓಡಿಸಿ.

ಹೆರಿಗೆಯ ನಂತರದ ರಕ್ತಸ್ರಾವ ಕಲಿಸಲು ನಾನು ಹಳೆ ಕಾಟನ್ ಸೀರೆ ತರಿಸ್ತೀನಿ. ಕುಂಕುಮ ಕಲಸಿದ ನೀರನ್ನು ಅಳೆದು ಅರ್ಧ ಲೀಟರ್ ಅದರ ಮೇಲೆ ಸುರಿದು, ಎಷ್ಟು ಹೋಗಿದೆ ಅಂತ ಕೇಳ್ತೀನಿ. ಹೆಚ್ಚಿನವರು 200, 250 ಅಂತಾರೆ. ಸೀರೆ ಕುಡಿದುಬಿಡುತ್ತಲ್ಲ, ಕಣ್ಣಿಗೆ ಕಾಣಲ್ಲ. ಕಮ್ಮಿ ಅಂದುಕೊಂಡು ಸುಮ್ನೆ ಕೂತರೆ ಬಾಣಂತಿ ಕೈ ತಪ್ಪಿ ಹೋಗ್ತಾಳೆ. ಈ ಪಾಠಕ್ಕೆ ಖರ್ಚು ಐವತ್ತು ರೂಪಾಯಿ.

ಜಾಗವೂ ಮುಖ್ಯ. ಮ್ಯಾನಿಕಿನ್ ಅನ್ನು ಟೇಬಲ್ ಮೇಲೆ ಇಟ್ಟು ಕಲಿಸಬೇಡಿ. ಮಂಚಕ್ಕೂ ಬೀರುವಿಗೂ ನಡುವೆ ಒಂದೂವರೆ ಅಡಿಯಲ್ಲಿ ಬೀಳಿಸಿ, ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಕೊಡಿ. ಪಕ್ಕದಲ್ಲಿ ನಾಲ್ಕು ಜನ ನಿಂತು ಅಳಲಿ, ಒಬ್ಬ ವೀಡಿಯೊ ಮಾಡಲಿ.

ಆಸ್ಪತ್ರೆ ಪೋಸ್ಟಿಂಗ್ ಎಲ್ಲೆಲ್ಲಿ?

ಕ್ಯಾಶುವಾಲ್ಟಿ, ಲೇಬರ್ ವಾರ್ಡ್, ಓಟಿ, ಐಸಿಯು, ಮಕ್ಕಳ ವಾರ್ಡ್. ಲೇಬರ್ ವಾರ್ಡ್‌ನಲ್ಲಿ ಹುಡುಗರನ್ನು ಹೊರಗೆ ನಿಲ್ಲಿಸುವ ರೂಢಿ ಇದೆ. ಮೊದಲೇ ಮೇಟ್ರನ್ ಮೇಡಂ ಹತ್ತಿರ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅವರ ಮೊದಲ ಹೆರಿಗೆ ಘಾಟಿ ರಸ್ತೆಯಲ್ಲೇ ಆಗುತ್ತೆ. ಇನ್ನೊಂದು ಕಾಯಿಲೆ: ಪೋಸ್ಟಿಂಗ್‌ಗೆ ಬಂದ ಮಕ್ಕಳನ್ನು ಟ್ರಾಲಿ ತಳ್ಳಲು, ರಿಪೋರ್ಟ್ ತರಲು ಬಳಸೋದು. ಲಾಗ್‌ಬುಕ್‌ನಲ್ಲಿ ಎಷ್ಟು ದಿನ ಹೋದರು ಅಂತ ಬರೆಸಬೇಡಿ. ಎಷ್ಟು ಗಂಟಲು ನೋಡಿದರು, ಎಷ್ಟು ಇಸಿಜಿ ಓದಿದರು, ಯಾರು ಪಕ್ಕದಲ್ಲಿ ನಿಂತು ನೋಡಿದರು ಅಂತ ಬರೆಸಿ.

ಇಸಿಜಿ ಎಷ್ಟು ಆಳಕ್ಕೆ ಕಲಿಸಬೇಕು?

ಈಗಂತೂ ಆಳಕ್ಕೇ ಕಲಿಸಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ಅಂದರೆ ಆಂಬ್ಯುಲೆನ್ಸ್‌ನವರ ನಿರ್ಧಾರಕ್ಕೆ ಬೆಲೆ ಜಾಸ್ತಿಯಾಗಿದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಗೋ, ಹೃದಯದ ರಕ್ತನಾಳದ ತಡೆ ಬಿಡಿಸುವ, ಎರಡು ಗಂಟೆ ದೂರದ ಕ್ಯಾಥ್ ಲ್ಯಾಬ್‌ಗೋ?

ಆದರೆ ಇಸಿಜಿಗೂ ಮೊದಲು ಕಿವಿ. ನಮ್ಮ ಜನ "ಹಾರ್ಟ್ ಅಟ್ಯಾಕ್" ಅನ್ನಲ್ಲ, "ಗ್ಯಾಸ್ಟ್ರಿಕ್" ಅಂತಾರೆ. ಸೋಡಾ ಕುಡಿದು, ಓಂಕಾಳು ತಿಂದು, ಆಗದಿದ್ದಾಗ ಫೋನ್ ಮಾಡ್ತಾರೆ. ಐವತ್ತು ದಾಟಿದವರು ಬೆವರುತ್ತಾ ಗ್ಯಾಸ್ಟ್ರಿಕ್ ಅಂದರೆ ಮೊದಲು ಹನ್ನೆರಡು ಲೀಡಿನ ಇಸಿಜಿ ಹಚ್ಚು ಅಂತ ನಾನು ಹೇಳಿಕೊಡೋದು.

ಕೋರ್ಸ್ ಕನ್ನಡದಲ್ಲಿ ಮಾಡಬಹುದಾ?

ಪಾಠ ಕನ್ನಡದಲ್ಲೇ ನಡೆಯಲಿ, ಔಷಧ ಮತ್ತು ಉಪಕರಣದ ಹೆಸರು ಇಂಗ್ಲಿಷ್ ಇರಲಿ. ಡಾಕ್ಟರಿಗೆ ಫೋನಿನಲ್ಲಿ ಹೇಳುವಾಗ, ಆಸ್ಪತ್ರೆಯಲ್ಲಿ ರೋಗಿಯನ್ನು ಒಪ್ಪಿಸುವಾಗ ಅದೇ ಬೇಕಾಗೋದು. ಆದರೆ ರೋಗಿಯ ಮಾತು ಕಲಿಸದಿದ್ದರೆ ಪ್ರಯೋಜನ ಇಲ್ಲ. ಮೈಸೂರಿನ ಹುಡುಗಿಗೆ ಬಾಗಲಕೋಟೆಯಲ್ಲಿ ಕೆಲಸ ಸಿಕ್ಕಿತು. "ಎದಿ ಹಿಡದಂಗ ಆಗೈತ್ರಿ, ಮೈ ಜುಮ್ ಅನ್ನಾಕತ್ತೈತಿ" ಅಂದಾಗ ಪಾಪ ಕಣ್ಣು ಕಣ್ಣು ಬಿಟ್ಟಳು. ಲಕ್ವ ಹೊಡೆಯಿತು, ಫಿಟ್ಸ್ ಬಂತು, ಜೋಮು ಹಿಡಿಯಿತು, ನೆತ್ತಿಗೇರಿತು, ಇಂಥ ಮಾತುಗಳ ಒಂದು ಪಟ್ಟಿ ನಾವೇ ಮಾಡಿಕೊಂಡಿದ್ದೇವೆ. ಪ್ರತಿ ಬ್ಯಾಚು ನಾಲ್ಕೈದು ಸೇರಿಸುತ್ತೆ.

ಔಷಧ ಕೊಡಲು ಪ್ಯಾರಾಮೆಡಿಕ್‌ಗೆ ಅಧಿಕಾರ ಇದೆಯಾ? ಕೇಸ್ ಬಿದ್ದರೆ?

ನಮ್ಮ ವ್ಯವಸ್ಥೆಯಲ್ಲಿ ಇಎಂಟಿ ಸ್ವಂತವಾಗಿ ಔಷಧ ಬರೆಯುವ ಹಾಗಿಲ್ಲ. 108ರ ಕಂಟ್ರೋಲ್ ರೂಮಿನಲ್ಲಿ ಡಾಕ್ಟರು ಇರುತ್ತಾರೆ, ಫೋನಿನಲ್ಲಿ ಸಲಹೆ ಕೊಡ್ತಾರೆ. ಅದರ ಜೊತೆಗೆ ಬರೆದಿಟ್ಟ ಪ್ರೋಟೋಕಾಲ್ ಬೇಕು: ಈ ಲಕ್ಷಣ ಇದ್ದರೆ, ಈ ಪ್ರಮಾಣ, ಇಷ್ಟು ಸಲ, ಆಮೇಲೆ ಫೋನ್. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದ ಹೊತ್ತಿಗೆ ಏನು ಮಾಡೋದು ಅನ್ನೋದು ಕೂಡ ಅದರಲ್ಲಿ ಇರಬೇಕು. ಇದಕ್ಕೆ ಸಹಿ ಹಾಕಿ ಜವಾಬ್ದಾರಿ ಹೊರುವ ಒಬ್ಬ ಮೆಡಿಕಲ್ ಡೈರೆಕ್ಟರ್ ಸಿಗುವ ತನಕ ಅಡ್ವಾನ್ಸ್‌ಡ್ ಕೋರ್ಸ್ ಶುರು ಮಾಡಬೇಡಿ. ಕಲಿತದ್ದನ್ನು ಬಳಸಲು ಬಿಡದ ಕಡೆ ಕಲಿಸಿ ಕಳಿಸಿದರೆ ಎರಡೇ ದಾರಿ: ಮರೆತುಬಿಡ್ತಾರೆ, ಇಲ್ಲ ಕದ್ದು ಮಾಡ್ತಾರೆ. ಎರಡನೆಯದೇ ಭಯ.

ದಾರಿಹೋಕರು ಗಾಯಾಳುವಿಗೆ ಸಹಾಯ ಮಾಡಿದರೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ (2019ರ ತಿದ್ದುಪಡಿ) ರಕ್ಷಣೆ ಕೊಡುತ್ತೆ. ಅದು ಡ್ಯೂಟಿ ಮೇಲಿರುವ ನಮಗಲ್ಲ. ಈ ಎರಡನ್ನೂ ಬೆರೆಸಿ ಮಾತಾಡೋರು ತುಂಬ ಜನ.

ಪರೀಕ್ಷೆ ಹೇಗೆ ಮಾಡ್ತೀರಿ?

ಥಿಯರಿ ಪೇಪರ್ ಇರಲಿ, ಆದರೆ ಅದನ್ನು ನಂಬಬೇಡಿ. ಜಾರ್ಜ್ ಮಿಲ್ಲರ್ ಅನ್ನುವವರು 1990ರಲ್ಲಿ ನಾಲ್ಕು ಮೆಟ್ಟಿಲಿನ ಪಿರಮಿಡ್ ಹೇಳಿದರು: ಗೊತ್ತಿದೆ, ಹೇಗೆ ಅಂತ ಗೊತ್ತಿದೆ, ಮಾಡಿ ತೋರಿಸ್ತಾನೆ, ನಿಜವಾಗಿ ಮಾಡ್ತಾನೆ. ಪೇಪರ್ ಮೊದಲೆರಡನ್ನು ಅಳೆಯುತ್ತೆ. ಸ್ಟೇಷನ್‌ಗಳಲ್ಲಿ ನಡೆಸುವ ಓಸ್ಕಿ ಪರೀಕ್ಷೆ ಮೂರನೆಯದನ್ನು. ನಾಲ್ಕನೆಯದು ಗೊತ್ತಾಗೋದು ಗಾಡಿಯಲ್ಲಿ ಮಾತ್ರ.

ಓಸ್ಕಿಯಲ್ಲಿ ಮಕ್ಕಳು ಒಳಗೆ ಬರುತ್ತಲೇ "ಸೀನ್ ಸೇಫ್!" (ಜಾಗ ಸುರಕ್ಷಿತ) ಅಂತ ಮಂತ್ರ ಹೇಳ್ತಾರೆ. ಚೆಕ್‌ಲಿಸ್ಟ್‌ನಲ್ಲಿ ಅದಕ್ಕೆ ಒಂದು ಮಾರ್ಕ್ ಇದೆಯಲ್ಲ. ಒಂದು ಸಲ ಬಾಗಿಲ ಹತ್ತಿರವೇ ಕರೆಂಟ್ ವೈರ್ ತುಂಡು ಬಿಸಾಕಿ, ತುದಿಯ ತಾಮ್ರ ಕಾಣುವ ಹಾಗೆ ಇಟ್ಟೆ. ಹದಿನಾಲ್ಕು ಜನರಲ್ಲಿ ಹನ್ನೊಂದು ಜನ "ಸೀನ್ ಸೇಫ್" ಅಂತ ಕೂಗಿ ಅದನ್ನು ದಾಟಿಕೊಂಡೇ ಬಂದರು. ಒಬ್ಬ ಅದರ ಮೇಲೆಯೇ ಮಂಡಿಯೂರಿದ. ಅಂದಿನಿಂದ ಆ ಮಾತಿಗೆ ಮಾರ್ಕ್ ತೆಗೆದುಹಾಕಿದೆ.

ನರ್ಸಿಂಗ್ ಓದಿದವರು ಸೇರಬಹುದಾ?

ಧಾರಾಳವಾಗಿ. ಔಷಧ, ಇಂಜೆಕ್ಷನ್, ರೋಗಿಯ ಜೊತೆ ಮಾತು, ಎಲ್ಲದರಲ್ಲೂ ಮುಂದೆ ಇರ್ತಾರೆ. ಕಷ್ಟ ಆಗೋದು ಡಾಕ್ಟರ್ ಪಕ್ಕದಲ್ಲಿ ಇಲ್ಲದೆ ನಿರ್ಧಾರ ಮಾಡುವಾಗ.

ಪೈಲಟ್‌ಗೂ ತರಬೇತಿ ಬೇಕಾ?

ಬೇಕೇ ಬೇಕು. ಗಾಡಿಯಲ್ಲಿ ಇರೋದು ಇಬ್ಬರೇ. ಎದೆ ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು, ಮಾಸ್ಕ್ ಹಿಡಿಯಲು ಇನ್ನೊಂದು ಜೊತೆ ಕೈ ಬೇಕು. ನನ್ನ ಜೊತೆ "ಹೋಗೋಣ್ವಾ?" ಅಂದ ಆ ಪೈಲಟ್ ಅಣ್ಣನ ಮಾತು ಕೇಳಿದ್ದರೆ ಅವತ್ತು ಹನ್ನೆರಡು ನಿಮಿಷ ಉಳಿಯುತ್ತಿತ್ತು. ಅದಕ್ಕೇ ಈಗ ನಾವು ಪೈಲಟ್ ಮತ್ತು ಇಎಂಟಿಯನ್ನು ಒಟ್ಟಿಗೇ ಕೂರಿಸಿ ಅಭ್ಯಾಸ ಮಾಡಿಸ್ತೀವಿ. ಪೈಲಟ್ ಒಂದು ಮಾತು ಎರಡು ಸಲ ಹೇಳಿದರೆ ಕೈಯಲ್ಲಿರುವ ಕೆಲಸ ನಿಲ್ಲಿಸಿ ಉತ್ತರ ಕೊಡಬೇಕು ಅನ್ನೋದು ನಿಯಮ.

ಮಗಳಿಗೆ ಈ ಕೆಲಸ ಬೇಡ ಅಂತಿದ್ದೇವೆ. ದಿನಾ ಸಾವು ನೋಡಬೇಕಲ್ಲ?

ದಿನಾ ಇಲ್ಲ, ಆದರೆ ನೋಡಬೇಕು. ಸುಳ್ಳು ಹೇಳಲ್ಲ. "ಬದುಕ್ತಾರಾ ಮೇಡಂ?" ಅಂತ ರೋಗಿಯ ಹೆಂಡತಿ ಕೇಳಿದಾಗ ಏನು ಹೇಳೋದು ಅಂತ ಕಲಿಸುವ ಪಾಠ ಹೆಚ್ಚಿನ ಕೋರ್ಸುಗಳಲ್ಲಿ ಇರಲ್ಲ. ನಾವು ಅದನ್ನು ಮಾಡಿಸ್ತೀವಿ, ಸ್ಥಳೀಯ ನಾಟಕದವರನ್ನು ಕರೆಸಿ. ಕೆಟ್ಟ ಕೇಸಿನ ನಂತರ ಶಿಫ್ಟ್ ಮುಗಿಸಿ ಮನೆಗೆ ಹೋಗುವ ಮೊದಲು ಯಾರಾದರೂ ಹಿರಿಯರ ಜೊತೆ ಹತ್ತು ನಿಮಿಷ ಟೀ ಕುಡಿಯಬೇಕು ಅಂತ ರೂಢಿ ಮಾಡಿದ್ದೇವೆ. ರಾತ್ರಿ ಡ್ಯೂಟಿ, ಸಂಬಳ, ಗುಂಪಿನ ಗಲಾಟೆ, ಇವನ್ನೂ ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ. ಸಾಧ್ಯವಾದರೆ ಕೆಲಸದಲ್ಲಿರುವ ಒಬ್ಬ ಹೆಣ್ಣುಮಗಳ ಹತ್ತಿರ ನಿಮ್ಮ ಮಗಳೇ ಮಾತಾಡಲಿ.

ಪಾಸಾದ ಮೇಲೆ ವಿದೇಶಕ್ಕೆ ಹೋಗಬಹುದಾ?

ಕೆಲವರು ಗಲ್ಫ್‌ಗೆ ಹೋಗ್ತಾರೆ. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಪ್ಯಾರಾಮೆಡಿಕ್ ಅನ್ನುವ ಹೆಸರೇ ಕಾನೂನಿನ ರಕ್ಷಣೆಯಲ್ಲಿದೆ, ಅಲ್ಲಿನ ನೋಂದಣಿ ಇಲ್ಲದೆ ಹಾಗೆ ಹೇಳಿಕೊಳ್ಳುವಂತಿಲ್ಲ. ಹೋಗುವ ಆಸೆ ಇದ್ದರೆ ಪದವಿಯನ್ನೇ ಮಾಡಿ, ಪ್ರತಿ ಪೋಸ್ಟಿಂಗ್‌ನ ಗಂಟೆಗಳಿಗೆ ಸಹಿ ಮಾಡಿಸಿ ಜೋಪಾನವಾಗಿ ಇಟ್ಟುಕೊಳ್ಳಿ. ಐದು ವರ್ಷದ ನಂತರ ಆ ಸಹಿ ಹಾಕಿದವರನ್ನು ಹುಡುಕಿಕೊಂಡು ಅಲೆದವರನ್ನು ನೋಡಿದ್ದೇನೆ.

ಮೊದಲ ದಿನ ಏನು ಕಲಿಸ್ತೀರಿ?

ಗಾಡಿ ಚೆಕ್ ಮಾಡೋದು. ಆಕ್ಸಿಜನ್ ಸಿಲಿಂಡರ್ ಕೀ ತಿರುಗಿಸಿ ಮೀಟರಿನ ಮುಳ್ಳು ನೋಡಬೇಕು, ಬರೀ ರಿಜಿಸ್ಟರ್ ನೋಡಿ ಟಿಕ್ ಹಾಕುವ ಹಾಗಿಲ್ಲ. ಸಕ್ಷನ್ ಆನ್ ಮಾಡಿ ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ಎಳೆಯುತ್ತಾ ನೋಡಬೇಕು. ಲಾರಿಂಗೋಸ್ಕೋಪ್ ಬಿಚ್ಚಿ ಬಲ್ಬ್ ಉರಿಯುತ್ತಾ ನೋಡಬೇಕು. ನನಗೆ ಒಂದು ಸಲ ಅರ್ಧರಾತ್ರಿಯಲ್ಲಿ ಆ ಬಲ್ಬ್ ಉರಿದಿರಲಿಲ್ಲ. ಹಿಂದಿನ ಶಿಫ್ಟಿನ ಟಿಕ್ ಮಾತ್ರ ಚೆನ್ನಾಗಿ ಕಾಣುತ್ತಿತ್ತು, ನೀಲಿ ಇಂಕಿನಲ್ಲಿ.